ಹೆಸರಿಲ್ಲದ ಗಿಡ ಯಾರ ಲೆಕ್ಕಕ್ಕೂ ಇಲ್ಲ

ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ದಾರಿಯಲ್ಲಿ ಮದ್ದೂರಿನ ಚೆಕ್‌ಪೋಸ್ಟ್ ದಾಟಿದರೆ ಬಂಡೀಪುರದ ಕಾಡು. ಬಸ್ಸಿನಲ್ಲಿ ಕುಳಿತ ಮಕ್ಕಳು ಕಿಟಕಿಗೆ ಮುಖವೊಡ್ಡಿ ಆನೆಗಾಗಿ, ಜಿಂಕೆಗಾಗಿ ಕಣ್ಣು ಹಾಯಿಸುತ್ತಾರೆ. ಒಂದು ಜಿಂಕೆ ಕಂಡರೆ ಇಡೀ ಬಸ್ಸೇ ಒಂದು ಬದಿಗೆ ವಾಲುತ್ತದೆ. ಆದರೆ ಅದೇ ರಸ್ತೆಯ ಬದಿಯಲ್ಲಿ ಮಳೆಗಾಲದಲ್ಲಿ ಅರಳಿ ನಿಂತ ಪುಟ್ಟ ಹೂವನ್ನು ತೋರಿಸಿ ಒಂದು ಮಗು "ಉಮ್ಮಾ, ಇದರ ಹೆಸರೇನು?" ಎಂದು ಕೇಳಿದರೆ ನಾವು ಕೊಡುವ ಉತ್ತರ ಒಂದೇ. "ಯಾವುದೋ ಕಾಡುಹೂವು, ಮಗಾ."

ಓದುಗ ಸಹೋದರಿಯರೇ, ನಮಗೆ ಗೊತ್ತಿಲ್ಲದಿದ್ದರೂ ದೊಡ್ಡ ದೊಡ್ಡ ವಿಜ್ಞಾನಿಗಳಿಗೆ ಆ ಹೂವಿನ ಹೆಸರು ಗೊತ್ತಿದ್ದೇ ಇರುತ್ತದೆ ಎಂದು ನಾವು ನಂಬಿದ್ದೇವೆ. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟು ಬಂದ ಕಾಲವಿದು, ಇನ್ನು ಭೂಮಿಯ ಮೇಲಿನ ಒಂದು ಗಿಡ ಅವನ ಕಣ್ಣು ತಪ್ಪಿಸಲು ಸಾಧ್ಯವೇ ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಸಂಗತಿ ಬೇರೆಯೇ ಇದೆ. ಇಂದಿಗೂ ಪ್ರಪಂಚದಲ್ಲಿ ಪ್ರತಿ ವರ್ಷ ಸುಮಾರು 2,000 ಹೊಸ ಸಸ್ಯ ಪ್ರಭೇದಗಳು ಮೊದಲ ಬಾರಿಗೆ ಹೆಸರು ಪಡೆಯುತ್ತಿವೆ. ಅಂದರೆ ದಿನಕ್ಕೆ ಐದಾರು!

ಇವೆಲ್ಲ ಯಾರೂ ಕಾಲಿಡದ ದಟ್ಟ ಕಾಡಿನಲ್ಲೇ ಸಿಗುತ್ತವೆ ಎಂದು ತಿಳಿಯಬೇಡಿ. ಯುರೋಪಿನ ಆಲ್ಪ್ಸ್ ಪರ್ವತಗಳ ಕಡೆ ನೋಡಿ. ಅಲ್ಲಿನ ಹೂಗಿಡಗಳನ್ನು ವಿದ್ವಾಂಸರು ಶತಮಾನಗಳಿಂದ ಒಂದೊಂದಾಗಿ ಎಣಿಸುತ್ತಾ ಬಂದಿದ್ದಾರೆ. ಅಂಥ ಕಡೆ, ಇಟಲಿಯ ಬೆರ್ಗಾಮೊ ಪ್ರಾಂತ್ಯದ ಆಲ್ಬೆನ್ ಬೆಟ್ಟದಲ್ಲಿ, ಒಂದು ಹೊಸ ಪ್ರಿಮ್‌ರೋಸ್ ಇದೆ ಎಂದು 1993ರಲ್ಲಿ ಬಾನ್ಫಿ ಮತ್ತು ಫೆರ್ಲಿಂಗೆಟ್ಟಿ ಎಂಬವರು ಪ್ರಕಟಿಸಿದರು. ಬೆಟ್ಟದ ಹೆಸರನ್ನೇ ಅದಕ್ಕಿಟ್ಟು 'ಪ್ರಿಮುಲಾ ಆಲ್ಬೆನೆನ್ಸಿಸ್' ಎಂದು ಕರೆದರು. ಪ್ರಿಮ್‌ರೋಸ್ ಎಂದರೆ ತಣ್ಣನೆಯ ನಾಡುಗಳಲ್ಲಿ ಹಿಮ ಕರಗುತ್ತಿದ್ದಂತೆ ಎಲ್ಲಕ್ಕಿಂತ ಮೊದಲು ಅರಳುವ ಪುಟ್ಟ ಹೂವು. ನಮ್ಮ ಹಿಮಾಲಯದಲ್ಲೂ ಇದರ ಅನೇಕ ಪ್ರಭೇದಗಳಿವೆ. ನಮ್ಮ ಕನ್ನಡನಾಡಿಗೂ ಇದಕ್ಕೂ ಏನು ಸಂಬಂಧ ಎನ್ನುವಿರಾ? ಗ್ರಂದಿಗೆ ಅಂಗಡಿಯಲ್ಲಿ ಮಕ್ಕಳ ಹೊಟ್ಟೆಹುಳಕ್ಕೆಂದು ಸಿಗುವ ವಾಯುವಿಳಂಗ ಇದೆಯಲ್ಲ, ಇಂದಿನ ಸಸ್ಯಶಾಸ್ತ್ರದ ಪ್ರಕಾರ ಅದು ಇದೇ ಪ್ರಿಮ್‌ರೋಸ್ ಕುಟುಂಬಕ್ಕೆ ಸೇರಿದ ಬಳ್ಳಿ.

ನಮ್ಮ ಚಾಮರಾಜನಗರ ಜಿಲ್ಲೆಯೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಸಿಕ್ಕಿದ ಒಂದು ಸಣ್ಣ ಕಣಜ, ಈವರೆಗೆ ಯಾರೂ ವಿವರಿಸದ ಪ್ರಭೇದವೆಂದು 2022ರಲ್ಲಿ ಪ್ರಕಟವಾಯಿತು. ಪ್ರಭೇದ ಮಾತ್ರವಲ್ಲ, ಅದು ಸೇರಿದ ಕುಲವೂ ಹೊಸದೇ ಆಗಿತ್ತು. ಬೆಂಗಳೂರಿನ 'ಏಟ್ರೀ' ಸಂಸ್ಥೆಯ ರಂಜಿತ್ ಮತ್ತು ಪ್ರಿಯದರ್ಶನನ್ ಎಂಬ ವಿಜ್ಞಾನಿಗಳು ಅದಕ್ಕಿಟ್ಟ ಹೆಸರು 'ಸೋಲಿಗ ಎಕಾರಿನಾಟಾ'. ಆ ಬೆಟ್ಟದ ಮೂಲ ನಿವಾಸಿಗಳಾದ ಸೋಲಿಗರ ಗೌರವಾರ್ಥ ಇಟ್ಟ ಹೆಸರದು. ವಿಶೇಷವೆಂದರೆ, ಆ ಕಣಜವನ್ನು ಕಾಡಿನಿಂದ ತಂದದ್ದು ಅದಕ್ಕೂ ಎಷ್ಟೋ ವರ್ಷಗಳ ಹಿಂದೆ. ಅಷ್ಟು ಕಾಲವೂ ಅದು ಹೆಸರಿಲ್ಲದೆ ಸಂಗ್ರಹಾಲಯದಲ್ಲಿ ಕಾದು ಕುಳಿತಿತ್ತು.

ಹಾಗಾದರೆ ಒಂದು ಗಿಡ ಹೊಸದು ಎಂದು ಹೇಳುವುದು ಹೇಗೆ? ಹೇಳುವವರು ಯಾರು? ಹೆಸರಿಟ್ಟ ಮಾತ್ರಕ್ಕೆ ಆ ಗಿಡಕ್ಕೆ ಸಿಗುವುದೇನು? ನಮ್ಮದೇ ರಾಜ್ಯದ ಒಂದು ಮರದ ಕಥೆಯಿಂದ ಇದನ್ನು ತಿಳಿಯೋಣ.

ಕತ್ತಲೆಕಾನಿನ ಮರ

ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲೂಕಿನಲ್ಲಿ, ಜೋಗದಿಂದ ಹೊನ್ನಾವರಕ್ಕೆ ಇಳಿಯುವ ಘಟ್ಟದ ದಾರಿಯಲ್ಲಿ ಕತ್ತಲೆಕಾನು ಎಂಬ ಕಾಡಿದೆ. ಹಗಲಿನಲ್ಲೂ ಬಿಸಿಲು ನೆಲ ಮುಟ್ಟದಷ್ಟು ದಟ್ಟವಾದ ಮರಗಳು. ಹೆಸರೇ ಎಲ್ಲವನ್ನೂ ಹೇಳುತ್ತದೆ. ಈ ಕಾಡಿನ ತಗ್ಗುಗಳಲ್ಲಿ ವರ್ಷವಿಡೀ ನೀರು ನಿಂತು ಹರಿಯುವ ಜೌಗು ಜಾಗಗಳಿವೆ. ಅಲ್ಲಿನ ಜನ ಇವನ್ನು ರಾಮಪತ್ರೆ ಜಡ್ಡಿ ಎನ್ನುತ್ತಾರೆ.

ರಾಮಪತ್ರೆ ಯಾವುದೆಂದು ಅಡುಗೆಮನೆಯಲ್ಲಿ ಬಿರಿಯಾನಿ ಮಸಾಲೆ ಹುರಿಯುವ ನಿಮಗೆ ವಿವರಿಸಬೇಕಾಗಿಲ್ಲ. ನಾವು ಬಳಸುವ ಜಾಯಿಕಾಯಿ, ಜಾಪತ್ರೆಯ ಮರ ಮೂಲತಃ ಇಂಡೋನೇಷ್ಯಾದ ಬಾಂಡಾ ದ್ವೀಪಗಳದ್ದು. ಅದರ ಕಾಡು ನೆಂಟರು ನಮ್ಮ ಪಶ್ಚಿಮ ಘಟ್ಟದ ಜಡ್ಡಿಗಳಲ್ಲಿ ಬೆಳೆಯುತ್ತಾರೆ. ನೀರು ತುಂಬಿದ ಕೆಸರಿನಲ್ಲಿ ಬೇರಿಗೆ ಉಸಿರಾಡಲು ಗಾಳಿ ಸಾಲದು. ಆದ್ದರಿಂದ ಈ ಜಡ್ಡಿಯ ಕೆಲವು ಮರಗಳ ಬೇರುಗಳು ಮಡಚಿದ ಮಂಡಿಯ ಹಾಗೆ ನೆಲದಿಂದ ಮೇಲೆದ್ದು ಮತ್ತೆ ಒಳಗೆ ಇಳಿಯುತ್ತವೆ. ಇನ್ನು ಕೆಲವು ಮರಗಳು ಊರುಗೋಲು ಹಾಕಿದಂತೆ ಕಾಂಡದಿಂದಲೇ ಬೇರುಗಳನ್ನು ಇಳಿಬಿಟ್ಟು ನಿಲ್ಲುತ್ತವೆ. ಒಂದು ಕಾಲದಲ್ಲಿ ಘಟ್ಟದ ಉದ್ದಕ್ಕೂ ಇಂತಹ ಜಡ್ಡಿಗಳಿದ್ದವು. ನೀರಿನ ಆಸರೆ ಇರುವ ಜಾಗ ಎಂಬ ಕಾರಣಕ್ಕೇ ಅವುಗಳಲ್ಲಿ ಬಹುಪಾಲು ಅಡಿಕೆ ತೋಟಗಳಾದವು, ಗದ್ದೆಗಳಾದವು. ಉಳಿದಿರುವುದು ಅಲ್ಲೊಂದು ಇಲ್ಲೊಂದು ತುಂಡು.

ಇಂತಹ ಜಡ್ಡಿಯಲ್ಲಿ ರಾಮಪತ್ರೆಯ ಮರಗಳ ನಡುವೆ ಬೇರೊಂದು ಮರ ನಿಂತಿತ್ತು. ದೊಡ್ಡ ದೊಡ್ಡ ಎಲೆಯ, ಸದಾ ಹಸಿರಿನ ಎತ್ತರದ ಮರ. ನೋಡಿದರೆ ಗೇರಿನ ಬಳಗದ್ದು ಎಂದು ಗೊತ್ತಾಗುತ್ತಿತ್ತು. ಹಿಂದೆ ಅಗಸರು ಬಟ್ಟೆಗೆ ಅಳಿಸದ ಗುರುತು ಹಾಕಲು ಒಂದು ಕಾಯಿಯ ಕಪ್ಪು ರಸವನ್ನು ಬಳಸುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಆ ಕಾಯಿಯ ಮರದ ಕುಲಕ್ಕೆ ವಿಜ್ಞಾನದಲ್ಲಿ 'ಸೆಮೆಕಾರ್ಪಸ್' ಎನ್ನುತ್ತಾರೆ. ಮಾವು ಮತ್ತು ಗೋಡಂಬಿ ಕೂಡ ಇದೇ ಕುಟುಂಬದವು. ಜಡ್ಡಿಯ ಈ ಮರವೂ ಸೆಮೆಕಾರ್ಪಸ್ ಕುಲದ್ದೇ, ಆದರೆ ಆ ಕುಲದಲ್ಲಿ ಈವರೆಗೆ ತಿಳಿದಿದ್ದ ಯಾವ ಮರಕ್ಕೂ ಇದು ಹೊಂದಲಿಲ್ಲ. ದಾಸಪ್ಪ ಮತ್ತು ಸ್ವಾಮಿನಾಥ್ ಎಂಬವರು 2000ದಲ್ಲಿ ಇದನ್ನು ಹೊಸ ಪ್ರಭೇದವೆಂದು 'ಇಂಡಿಯನ್ ಫಾರೆಸ್ಟರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಅದಕ್ಕೆ ಸಿಕ್ಕ ಹೆಸರು 'ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್'. ಅಂದರೆ ಕತ್ತಲೆಕಾನಿನ ಗೇರು. ನಮ್ಮ ಕನ್ನಡದ ಒಂದು ಕಾಡಿನ ಹೆಸರು ಹೀಗೆ ಪ್ರಪಂಚದ ಸಸ್ಯಗಳ ಪಟ್ಟಿಯಲ್ಲಿ ಶಾಶ್ವತವಾಗಿ ಸೇರಿತು.

ಒಮ್ಮೆ ಯೋಚಿಸಿ. ಇದು ನೆಲದಲ್ಲಿ ಅವಿತಿರುವ ಪುಟ್ಟ ಹುಲ್ಲಲ್ಲ, ಆಕಾಶ ನೋಡುವ ಮರ. ಪಕ್ಕದಲ್ಲೇ ಹೆದ್ದಾರಿ, ಸ್ವಲ್ಪ ದೂರದಲ್ಲಿ ಲಕ್ಷಾಂತರ ಪ್ರವಾಸಿಗರು ಬರುವ ಜೋಗ. ಆದರೂ ಇಪ್ಪತ್ತನೆಯ ಶತಮಾನ ಮುಗಿಯುವವರೆಗೆ ಅದಕ್ಕೊಂದು ಹೆಸರಿರಲಿಲ್ಲ.

ಹೊಸದೆಂದು ಹೇಳುವುದು ಹೇಗೆ?

ಮಳೆ ಬಿದ್ದ ಮೇಲೆ ಹೊಲದ ಬದುವಿನಲ್ಲಿ ಬೆರಕೆ ಸೊಪ್ಪು ಕೀಳುವ ಹೆಂಗಸರನ್ನು ನೋಡಿದ್ದೀರಲ್ಲ? ದಂಟು, ಕೀರೆ, ಮುಳ್ಳುದಂಟು ಮೂರೂ ಅವರ ಕೈಗೆ ಬೇರೆ ಬೇರೆಯೇ. ಕಾಂಡದ ಬಣ್ಣ, ಎಲೆಯ ತುದಿ, ಗಂಟಿನಲ್ಲಿ ಮುಳ್ಳು ಇದೆಯೇ ಇಲ್ಲವೇ, ಇಷ್ಟನ್ನು ಒಂದೇ ನೋಟದಲ್ಲಿ ಅಳೆದು ಕೀಳುತ್ತಾರೆ. ಸಸ್ಯಶಾಸ್ತ್ರಜ್ಞನ ಕೆಲಸವೂ ಇದೇ. ದಂಟು, ಕೀರೆ, ಮುಳ್ಳುದಂಟು ಒಂದೇ ಮನೆತನದವು. ಅದಕ್ಕೆ ಕುಲ ಎನ್ನುತ್ತಾರೆ. ಆ ಮನೆತನದ ಒಬ್ಬೊಬ್ಬ ಸದಸ್ಯನೂ ಒಂದೊಂದು ಪ್ರಭೇದ. ಸ್ವೀಡನ್ನಿನ ಲಿನ್ನೇಯಸ್ ಎಂಬ ವಿದ್ವಾಂಸ 1753ರಲ್ಲಿ ಪ್ರಕಟಿಸಿದ ಗ್ರಂಥದಿಂದ ಮೊದಲ್ಗೊಂಡು ಪ್ರತಿ ಗಿಡಕ್ಕೂ ಹೀಗೆ ಎರಡು ಪದಗಳ ಹೆಸರು ನಡೆದುಬಂದಿದೆ. ಮೊದಲನೆಯದು ಮನೆತನದ್ದು, ಎರಡನೆಯದು ಅದರ ಸ್ವಂತದ್ದು.

ಕಾಡಿನಲ್ಲಿ ಪರಿಚಯವಿಲ್ಲದ ಗಿಡ ಕಂಡಾಗ ಸಸ್ಯಶಾಸ್ತ್ರಜ್ಞ ಮೊದಲು ಕಾಯಬೇಕು. ಎಲೆಯೊಂದರಿಂದ ಏನೂ ನಿರ್ಧಾರವಾಗದು. ಹೂವು ಬೇಕು, ಕಾಯಿ ಬೇಕು. ಅದಕ್ಕಾಗಿ ಬೇರೆ ಬೇರೆ ಋತುಗಳಲ್ಲಿ ಅದೇ ಗಿಡದ ಬಳಿಗೆ ಮತ್ತೆ ಮತ್ತೆ ಹೋಗಬೇಕು. ಆಮೇಲೆ ಹೂವು, ಕಾಯಿ ಇರುವ ಕೊಂಬೆಯೊಂದನ್ನು ತಂದು, ಹಳೆಯ ದಿನಪತ್ರಿಕೆಯ ಹಾಳೆಗಳ ನಡುವೆ ಹರಡಿ, ಮೇಲೆ ಭಾರ ಹೇರಿ ಒಣಗಿಸುತ್ತಾರೆ. ತೇವ ಹೀರಿದ ಹಾಳೆಗಳನ್ನು ದಿನಾ ಬದಲಾಯಿಸಬೇಕು. ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಉಪ್ಪಿನಕಾಯಿಯ ಜಾಡಿಯನ್ನು ಜೋಪಾನ ಮಾಡುವ ನಮಗೆ ಈ ತಾಳ್ಮೆ ಹೊಸದೇನಲ್ಲ. ಒಣಗಿದ ಕೊಂಬೆಯನ್ನು ದಪ್ಪ ಕಾಗದಕ್ಕೆ ಹೊಲಿದು ಅಥವಾ ಅಂಟಿಸಿ, ಎಲ್ಲಿ ಸಿಕ್ಕಿತು, ಯಾವ ದಿನ, ಎಷ್ಟು ಎತ್ತರದ ಜಾಗ, ಹೂವಿನ ಬಣ್ಣವೇನು, ತಂದವರು ಯಾರು ಎಂದು ಬರೆದಿಡುತ್ತಾರೆ. ಬಣ್ಣ ಬರೆಯಲೇಬೇಕು, ಯಾಕೆಂದರೆ ಒಣಗಿದ ಮೇಲೆ ಎಲ್ಲ ಹೂವೂ ಕಂದು.

ಇಂತಹ ಹಾಳೆಗಳನ್ನು ಕಪಾಟುಗಳಲ್ಲಿ ಜೋಡಿಸಿಟ್ಟ ಭಂಡಾರಕ್ಕೆ ಹರ್ಬೇರಿಯಂ ಎಂದು ಹೆಸರು. ನಮ್ಮ ದೇಶದ ಅತಿ ದೊಡ್ಡ ಹರ್ಬೇರಿಯಂ ಕೋಲ್ಕತ್ತಾದ ಪಕ್ಕದ ಹೌರಾದಲ್ಲಿದೆ. ಕರ್ನಾಟಕದಲ್ಲಿ ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನ ಪಾದ್ರಿ ಸೆಸಿಲ್ ಸಲ್ಡಾನಾ ಅವರು ಹಾಸನ ಜಿಲ್ಲೆಯ ಕಾಡುಮೇಡು ಅಲೆದು ಕೂಡಿಸಿದ ಸಂಗ್ರಹ ಪ್ರಸಿದ್ಧವಾದದ್ದು. ಅದರ ಆಧಾರದ ಮೇಲೆ 1976ರಲ್ಲಿ ಹಾಸನ ಜಿಲ್ಲೆಯ ಸಸ್ಯಗಳ ಕುರಿತ ದೊಡ್ಡ ಗ್ರಂಥವೇ ಬಂತು.

ಇನ್ನು ಹೋಲಿಸಿ ನೋಡುವ ಕೆಲಸ. ಆ ಕುಲದ ಎಲ್ಲ ಹಳೆಯ ಹಾಳೆಗಳನ್ನು, ಹಳೆಯ ಪುಸ್ತಕಗಳನ್ನು ತೆಗೆದು ಕೂದಲು ಸೀಳುವಂತೆ ನೋಡಬೇಕು. ಎಲೆಯ ಕೆಳಗೆ ರೋಮವಿದೆಯೇ? ಹೂವಿನ ದಳ ಎಷ್ಟು ಮಿಲಿಮೀಟರ್? ಕಾಯಿಯ ತೊಟ್ಟು ಹೇಗಿದೆ? ಬೇರೆ ಯಾರೋ ಎಂದೋ ಬೇರೆ ಹೆಸರಿನಿಂದ ಇದನ್ನೇ ಬಣ್ಣಿಸಿದ್ದಾರೆಯೇ? ಎಲ್ಲ ಪ್ರಶ್ನೆಗೂ ಉತ್ತರ ಸಿಕ್ಕಿ, ಇದು ಬೇರೆಯೇ ಎಂದು ಖಚಿತವಾದ ಮೇಲೆ ಬರವಣಿಗೆ. ಬಹಳ ಕಾಲ ಈ ವಿವರಣೆಯ ಸಾರವನ್ನು ಲ್ಯಾಟಿನ್ ಭಾಷೆಯಲ್ಲಿ ಬರೆಯುವುದು ಕಡ್ಡಾಯವಾಗಿತ್ತು. 2012ರಿಂದ ಇಂಗ್ಲಿಷಿನಲ್ಲಿ ಬರೆದರೂ ಆದೀತು ಎಂದಾಯಿತು. ವಿವರಣೆ ಬರೆಯಲು ಆಧಾರವಾದ ಆ ಒಂದು ಒಣಗಿದ ಕೊಂಬೆಯನ್ನು ಎಂದೆಂದಿಗೂ ಕಾಪಾಡಿ ಇಡಬೇಕು. ಮುಂದೆ ಯಾರಿಗೆ ಸಂಶಯ ಬಂದರೂ ಅದೇ ಸಾಕ್ಷಿ. ಜಮೀನಿಗೆ ಮೂಲಪತ್ರ ಇದ್ದಂತೆ.

ಇಷ್ಟೆಲ್ಲ ಇರುವುದರಿಂದಲೇ ತಡವಾಗುತ್ತದೆ. ಹೊಸ ಸಸ್ಯಗಳೆಂದು ಪ್ರಕಟವಾದವುಗಳನ್ನು ಪರಿಶೀಲಿಸಿ 2010ರಲ್ಲಿ ಹೊರಬಂದ ಒಂದು ಅಧ್ಯಯನ ಹೇಳುವುದನ್ನು ಕೇಳಿ. ಮೊದಲ ಬಾರಿಗೆ ಕಾಡಿನಿಂದ ತಂದ ಐದು ವರ್ಷಗಳೊಳಗೆ ಹೆಸರು ಪಡೆದವು ನೂರಕ್ಕೆ 16 ಮಾತ್ರ. ಸುಮಾರು ಕಾಲುಭಾಗ ಐವತ್ತು ವರ್ಷಕ್ಕಿಂತಲೂ ಹೆಚ್ಚು ಕಾಲ ಕಪಾಟಿನಲ್ಲಿ ಕಾದಿದ್ದವು! ತಂದವರು ತೀರಿಕೊಂಡ ಮೇಲೆ ಅವರು ತಂದ ಗಿಡಕ್ಕೆ ಹೆಸರು ಬಂದದ್ದೂ ಉಂಟು.

ಹೆಸರಿನಲ್ಲಿ ಏನೆಲ್ಲ ಇದೆ

ಹೆಸರಿಡುವುದರಲ್ಲೂ ಒಂದು ಮರ್ಯಾದೆಯಿದೆ. ಗಿಡ ಕಂಡುಹಿಡಿದವರು ತಮ್ಮ ಹೆಸರನ್ನೇ ಅದಕ್ಕಿಟ್ಟುಕೊಳ್ಳುವುದು ಸಭ್ಯತೆಯಲ್ಲ ಎನಿಸಿಕೊಂಡಿದೆ. ಊರಿನ ಹೆಸರು, ಗಿಡದ ಗುಣದ ಹೆಸರು, ಇಲ್ಲವೇ ಗೌರವಕ್ಕೆ ಪಾತ್ರರಾದ ಇನ್ನೊಬ್ಬರ ಹೆಸರು ಇಡುತ್ತಾರೆ. ಕುಮಟಾದ ಕಡೆ ಸಿಕ್ಕ ಒಂದು ಪುಟ್ಟ ನೀರುಗಿಡಕ್ಕೆ ಪುಣೆಯ ಅಘಾರ್ಕರ್ ಸಂಶೋಧನಾ ಸಂಸ್ಥೆಯವರು ನಮ್ಮ ಕರಾವಳಿಯ ಹೆಸರನ್ನೇ ಇಟ್ಟು 'ಎರಿಯೊಕೌಲಾನ್ ಕರಾವಳೆನ್ಸೆ' ಎಂದಿದ್ದಾರೆ.

ಇನ್ನೊಂದು ಉದಾಹರಣೆ ನಮಗೆ ಹೆಚ್ಚು ಹತ್ತಿರದ್ದು. ಬೆಂಗಳೂರಿನ ಬನ್ನೇರುಘಟ್ಟ ಸಮೀಪದ ದೊಡ್ಡ ರಾಗಿಹಳ್ಳಿಯ ಕಾಡಿನಲ್ಲಿ ಸೈಕಸ್ ಎಂಬ ಕುಲದ ಒಂದು ಹೊಸ ಪ್ರಭೇದವನ್ನು 2008ರಲ್ಲಿ ವಿವರಿಸಿದವರು ಇಬ್ಬರು ಮಹಿಳೆಯರು: ರೀಟಾ ಸಿಂಗ್ ಮತ್ತು ಪಿ. ರಾಧಾ. ಅವರು ಇಟ್ಟ ಹೆಸರು 'ಸೈಕಸ್ ಸ್ವಾಮಿಯೈ'. ಕನ್ನಡಿಗರ ಪ್ರೀತಿಯ ಬಿ.ಜಿ.ಎಲ್. ಸ್ವಾಮಿಯವರ ನೆನಪಿಗೆ. ಸ್ವಾಮಿಯವರು ದೊಡ್ಡ ಸಸ್ಯಶಾಸ್ತ್ರಜ್ಞರು. ಅವರ 'ಹಸುರು ಹೊನ್ನು' ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. ಗಿಡಗಳ ವಿಷಯವನ್ನು ನಗುನಗುತ್ತಾ ಕನ್ನಡದಲ್ಲಿ ಹೇಳಿಕೊಟ್ಟ ಮನುಷ್ಯನಿಗೆ ಇದಕ್ಕಿಂತ ತಕ್ಕ ಸ್ಮಾರಕ ಬೇರೆ ಯಾವುದಿದೆ?

ಸೈಕಸ್ ಎಂದರೆ ಯಾವುದೆಂದು ಮದ್ದೂರಿನ ಆಚೆ ವಯನಾಡಿನಲ್ಲಿ ತವರು ಇರುವ ಸಹೋದರಿಯರಿಗೆ ತಕ್ಷಣ ಗೊತ್ತಾಗುತ್ತದೆ. ಮಲಬಾರಿನ ಮನೆಗಳಲ್ಲಿ ಮಾಂಸದ ಸಾರಿನಲ್ಲಿ ಬೇಯಿಸುವ ಈಂದ್ ಪಿಡಿ ಇದೆಯಲ್ಲ, ಆ ಹಿಟ್ಟು ಸೈಕಸ್ ಕುಲದ ಈಂದು ಮರದ ಬೀಜದ್ದು. ಹಸಿ ಬೀಜದಲ್ಲಿ ವಿಷವಿರುವುದರಿಂದ ಅದನ್ನು ಒಣಗಿಸಿ, ಮತ್ತೆ ಮತ್ತೆ ನೆನೆಸಿ ನೀರು ಚೆಲ್ಲಿ ಬಳಸಬೇಕು ಎಂಬುದು ಅಜ್ಜಿಯರಿಗೆ ತಿಳಿದ ವಿದ್ಯೆ. ವಿಜ್ಞಾನ ಆ ವಿಷಕ್ಕೆ ಹೆಸರಿಟ್ಟದ್ದು ಆಮೇಲೆ.

ಹೀಗೆ ಗಿಡಗಳ ಮೊದಲ ಅರಿವು ಊರಿನವರದ್ದೇ. ಇದಕ್ಕೆ ಹಳೆಯ ಸಾಕ್ಷಿಯೂ ಇದೆ. ಕೊಚ್ಚಿಯಲ್ಲಿದ್ದ ಡಚ್ ಅಧಿಕಾರಿ ವಾನ್ ರೀಡೆ ಮಲಬಾರಿನ ಸಸ್ಯಗಳ ಬಗ್ಗೆ ಮಾಡಿಸಿದ 'ಹೋರ್ಟುಸ್ ಮಲಬಾರಿಕುಸ್' ಎಂಬ ಗ್ರಂಥ 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಲ್ಲಿ ಅಚ್ಚಾಯಿತು. ಅದಕ್ಕೆ ಗಿಡಗಳ ಜ್ಞಾನ ಒದಗಿಸಿದವರು ಇಟ್ಟಿ ಅಚ್ಯುತನ್ ಎಂಬ ನಾಟಿ ವೈದ್ಯರು ಹಾಗೂ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ಪಂಡಿತರು. ಅದರ ಚಿತ್ರಗಳ ಮೇಲೆ ಗಿಡದ ಹೆಸರನ್ನು ಅರಬಿ ಲಿಪಿಯಲ್ಲೂ ಬರೆಯಲಾಗಿದೆ. ಮದ್ರಸದಲ್ಲಿ ಅಕ್ಷರ ಕಲಿತ ಯಾವ ಹುಡುಗಿಯೂ ಮುನ್ನೂರು ವರ್ಷ ಹಿಂದಿನ ಆ ಹೆಸರುಗಳನ್ನು ಇಂದಿಗೂ ಕೂಡಿಸಿ ಓದಬಲ್ಲಳು.

ಹೆಸರು ಬರುವ ಮೊದಲೇ ಹೋದರೆ?

ಈಗ ಮುಖ್ಯ ಪ್ರಶ್ನೆಗೆ ಬರೋಣ. ಗಿಡಕ್ಕೆ ಹೆಸರಿಟ್ಟರೆಷ್ಟು, ಬಿಟ್ಟರೆಷ್ಟು? ಹೆಸರಿಲ್ಲದೆಯೂ ಅದು ಬೆಳೆಯುತ್ತಿತ್ತಲ್ಲ?

ಪಡಿತರ ಚೀಟಿಯಲ್ಲಿ ಹೆಸರಿಲ್ಲದ ಮಗುವಿನ ಕಥೆ ನಿಮಗೆ ಗೊತ್ತು. ಮಗು ಮನೆಯಲ್ಲಿ ಆಡಿಕೊಂಡಿದ್ದರೂ ಸರಕಾರದ ಲೆಕ್ಕದಲ್ಲಿ ಅದು ಇಲ್ಲ. ಅದರ ಪಾಲಿನ ಅಕ್ಕಿಯೂ ಇಲ್ಲ. ಗಿಡಕ್ಕೂ ಇದೇ ನಿಯಮ. ಒಂದು ಕಣಿವೆಯಲ್ಲಿ ಅಣೆಕಟ್ಟೋ ರಸ್ತೆಯೋ ಬರುವ ಮೊದಲು ಅಲ್ಲಿ ಯಾವ ಯಾವ ಗಿಡ, ಪ್ರಾಣಿಗಳಿವೆ ಎಂದು ಪಟ್ಟಿ ಮಾಡುತ್ತಾರೆ. ಅಳಿವಿನ ಅಂಚಿನ ಗಿಡವಿದ್ದರೆ ಅಲ್ಲಿ ಒಂದು ತಕರಾರು ಏಳುತ್ತದೆ. ಹೆಸರೇ ಇಲ್ಲದ ಗಿಡ ಯಾವ ಪಟ್ಟಿಗೆ ಸೇರೀತು? ಅದರ ಪರವಾಗಿ ಯಾರು ಅರ್ಜಿ ಕೊಟ್ಟಾರು?

ಕತ್ತಲೆಕಾನಿನ ಗೇರಿನ ಮುಂದಿನ ಕಥೆ ಇದನ್ನೇ ತೋರಿಸುತ್ತದೆ. ಹೆಸರು ಬಂದ ಮೇಲೆ ಅದನ್ನು ಎಣಿಸುವವರು ಬಂದರು. ಆರಂಭದ ಎಣಿಕೆಗಳಲ್ಲಿ ಸಿಕ್ಕ ಬಲಿತ ಮರಗಳು ನೂರಕ್ಕೂ ಕಡಿಮೆ. ಅದೂ ಬೆರಳೆಣಿಕೆಯ ಜಡ್ಡಿಗಳಲ್ಲಿ. ಇದು ಅಳಿಯುವ ಅಂಚಿನಲ್ಲಿದೆ ಎಂದು ಜಗತ್ತಿಗೆ ಗೊತ್ತಾದದ್ದು ಆಗ. ಶಿರಸಿಯ ಅರಣ್ಯ ಕಾಲೇಜಿನವರು ಇದರ ಬೀಜ ತಂದು ಸಸಿ ಬೆಳೆಸುವ, ಅವನ್ನು ಮತ್ತೆ ಜಡ್ಡಿಗಳಲ್ಲಿ ನೆಡುವ ಕೆಲಸಕ್ಕೆ ಇಳಿದರು. 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶ ಘೋಷಣೆಯಾದಾಗ ಕತ್ತಲೆಕಾನು ಅದರೊಳಗೆ ಬಂತು. 2019ರಲ್ಲಿ ಅದೂ ಶರಾವತಿ ಕಣಿವೆಯ ಅಭಯಾರಣ್ಯವೂ ಕೂಡಿ ಇನ್ನೂ ದೊಡ್ಡ ಅಭಯಾರಣ್ಯವಾಯಿತು. ಇದೇ ಶರಾವತಿ ಕಣಿವೆಯಲ್ಲಿ 2,000 ಮೆಗಾವ್ಯಾಟಿನ ಭೂಗತ ವಿದ್ಯುತ್ ಯೋಜನೆಯ ಬಗ್ಗೆ ಪರ ವಿರೋಧದ ವಾದ ಎದ್ದಾಗ ಈ ಕಣಿವೆಯ ಅಪರೂಪದ ಮರಗಳ ಮಾತು ಬಂದದ್ದು ಅವುಗಳಿಗೆ ಹೆಸರಿರುವುದರಿಂದಲೇ. ಬಡವನ ಮನೆಯ ಮಗುವಿಗೆ ಕೊನೆಗೂ ಚೀಟಿಯಲ್ಲಿ ಹೆಸರು ಸೇರಿದ ಹಾಗೆ.

ಜೋಗದ ಹುಲ್ಲಿನ ಕಥೆ ಇದಕ್ಕಿಂತ ನೋವಿನದು. ಜೋಗ ಜಲಪಾತದ ಬಳಿ 1919ರಲ್ಲಿ ಸೆಜ್‌ವಿಕ್ ಮತ್ತು ಬೆಲ್ ಎಂಬ ಇಂಗ್ಲಿಷ್ ಅಧಿಕಾರಿಗಳು ಒಂದು ನಾಜೂಕಾದ ಹುಲ್ಲನ್ನು ಸಂಗ್ರಹಿಸಿದ್ದರು. ಅದು ಹೊಸ ಕುಲದ ಹುಲ್ಲು ಎಂದು ಬೋರ್ ಎಂಬ ತಜ್ಞರು 'ಹಬಾರ್ಡಿಯಾ ಹೆಪ್ಟಾನ್ಯೂರಾನ್' ಎಂಬ ಹೆಸರನ್ನು ಪ್ರಕಟಿಸುವಾಗ ಮೂವತ್ತು ವರ್ಷ ದಾಟಿತ್ತು. ಆಮೇಲೆ ಹುಡುಕಿದವರಿಗೆ ಜೋಗದಲ್ಲಿ ಆ ಹುಲ್ಲು ಸಿಗಲೇ ಇಲ್ಲ. ಅದು ಅಳಿದೇಹೋಯಿತು ಎಂದು ಎಲ್ಲರೂ ಕೈಬಿಟ್ಟಿದ್ದರು. ಕೊನೆಗೆ 2002ರಲ್ಲಿ ಮಹಾರಾಷ್ಟ್ರದ ತಿಲಾರಿ ಘಟ್ಟದಲ್ಲಿ ಎಸ್.ಆರ್. ಯಾದವ್ ಮತ್ತು ಸಂಗಡಿಗರ ಕಣ್ಣಿಗೆ ಅದು ಬಿತ್ತು. ಅದನ್ನು ಗುರುತಿಸಲು ಅವರಿಗೆ ಸಾಧ್ಯವಾದದ್ದು ಹೇಗೆ? ಎಂದೋ ಬರೆದಿಟ್ಟ ವಿವರಣೆ, ಎಂದೋ ಒಣಗಿಸಿಟ್ಟ ಹಾಳೆ ಇದ್ದುದರಿಂದ. ಬರೆದಿಡದಿದ್ದರೆ ಕಳೆದುಹೋದದ್ದೂ ತಿಳಿಯುತ್ತಿರಲಿಲ್ಲ, ಸಿಕ್ಕಿದ್ದೂ ತಿಳಿಯುತ್ತಿರಲಿಲ್ಲ.

ಲಂಡನ್ನಿನ ಪ್ರಸಿದ್ಧ ಕ್ಯೂ ಸಸ್ಯೋದ್ಯಾನದ ವಿಜ್ಞಾನಿಗಳು 2023ರ ವರದಿಯಲ್ಲಿ ಒಂದು ಎಚ್ಚರಿಕೆ ಕೊಟ್ಟಿದ್ದಾರೆ. ಇನ್ನೂ ಹೆಸರು ಪಡೆಯದೆ ಉಳಿದಿರುವ ಸಸ್ಯಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ಈಗಾಗಲೇ ಅಳಿವಿನ ಅಪಾಯದಲ್ಲಿ ಇರಬಹುದಂತೆ. ಕಾರಣ ಸರಳ. ಎಲ್ಲೆಡೆ ಹೇರಳವಾಗಿ ಬೆಳೆಯುವ ಗಿಡಗಳಿಗೆ ಎಂದೋ ಹೆಸರು ಬಂದಾಯಿತು. ಈಗ ಉಳಿದಿರುವವು ಒಂದು ಬಂಡೆಯ ಸಂದಿಯಲ್ಲಿ, ಒಂದು ಬೆಟ್ಟದ ನೆತ್ತಿಯಲ್ಲಿ, ಒಂದು ಜೌಗಿನಲ್ಲಿ ಮಾತ್ರ ಇರುವಂಥವು. ಆ ಒಂದು ಜಾಗ ಹೋದರೆ ಆ ಗಿಡವೂ ಹೋಯಿತು.

ನಮ್ಮ ಮದ್ದೂರಿನ ಕಾಡಿನ ಕಡೆ ಒಮ್ಮೆ ಇದೇ ದೃಷ್ಟಿಯಿಂದ ನೋಡಿ. 1,454 ಮೀಟರ್ ಎತ್ತರದ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ನೆತ್ತಿಯಲ್ಲಿ ಹುಲ್ಲುಗಾವಲಿದೆ, ಕೆಳಗೆ ಒಣಗಿದ ಕುರುಚಲು ಕಾಡಿದೆ, ಕೇರಳದ ಕಡೆ ಹೋದಂತೆ ತೇವದ ಕಾಡು. ಇಷ್ಟು ಬಗೆಯ ನೆಲದಲ್ಲಿ ಎಷ್ಟು ಬಗೆಯ ಪುಟ್ಟ ಗಿಡಗಳು ಇರಬೇಡ! ಆದರೆ ಅವುಗಳ ಮೇಲೆ ಹೊರಗಿನಿಂದ ಬಂದ ಲಂಟಾನ ಹೊದಿಕೆಯ ಹಾಗೆ ಹಬ್ಬಿದೆ. ಅಮೆರಿಕ ಖಂಡದಿಂದ ಅಲಂಕಾರಕ್ಕೆಂದು ತಂದ ಗಿಡ ಅದು. ಅದರ ನೆರಳಿನಲ್ಲಿ ಹುಲ್ಲೂ ಏಳದು, ಮಳೆಗಾಲದ ಸಣ್ಣ ಹೂವೂ ಅರಳದು. ಈಚೆಗೆ ವಯನಾಡಿನ ಕಡೆಯಿಂದ ಇನ್ನೊಂದು ಬಂದಿದೆ. ಹಳದಿ ಹೂವಿನ ಸೆನ್ನಾ ಮರ. ಕೇರಳದವರು ಮಂಜಕೊನ್ನ ಎನ್ನುತ್ತಾರೆ. ಅರಳಿದಾಗ ನೋಡಲು ಬಲು ಚೆಂದ. ಆದರೆ ಕೊಂಬೆ ಕಡಿದರೆ ಬುಡದಿಂದ ಹತ್ತು ಚಿಗುರು ಹೊಡೆದು ಕಾಡನ್ನೇ ನುಂಗುತ್ತದೆ. ಇನ್ನು ಬೆಂಕಿ. 2019ರ ಫೆಬ್ರವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಸುತ್ತ ಸಾವಿರಾರು ಎಕರೆ ಸುಟ್ಟದ್ದನ್ನು ಗುಂಡ್ಲುಪೇಟೆಯವರು ಮರೆತಿಲ್ಲ. ಆನೆ, ಹುಲಿ ಓಡಿ ಬದುಕಿಕೊಳ್ಳಬಹುದು. ಬೇರೂರಿ ನಿಂತದ್ದು ಎಲ್ಲಿಗೆ ಓಡೀತು?

ನಾವೇನು ಮಾಡಬಹುದು?

"ನಾವು ಮನೆಯಲ್ಲಿರುವ ಹೆಂಗಸರು, ಇದರಲ್ಲಿ ನಮ್ಮದೇನಿದೆ" ಎನ್ನಬೇಡಿ. ಮಾಡಲು ಸಾಕಷ್ಟಿದೆ.

ಮೊದಲನೆಯದು, ಗೊತ್ತಿರುವ ಹೆಸರುಗಳನ್ನು ಕಳೆದುಕೊಳ್ಳದಿರುವುದು. ನಿಮ್ಮ ಅಜ್ಜಿಗೆ, ಅತ್ತೆಗೆ, ನೆರೆಮನೆಯ ಸೋಲಿಗರ ಅಥವಾ ಜೇನುಕುರುಬರ ಅಜ್ಜಿಗೆ ಎಷ್ಟು ಸೊಪ್ಪು, ಎಷ್ಟು ಬೇರು, ಎಷ್ಟು ಕಾಡುಹಣ್ಣಿನ ಹೆಸರು ಗೊತ್ತು ಎಂದು ಕುಳಿತು ಕೇಳಿ. ಮಗಳ ಕೈಯಲ್ಲಿ ನೋಟುಬುಕ್ಕಿನಲ್ಲಿ ಬರೆಸಿ. ಯಾವ ತಿಂಗಳಲ್ಲಿ ಸಿಗುತ್ತದೆ, ಎಲ್ಲಿ ಸಿಗುತ್ತದೆ, ಯಾವುದಕ್ಕೆ ಬಳಸುತ್ತಾರೆ ಎಂಬುದೂ ಇರಲಿ. ಅಜ್ಜಿಯೊಂದಿಗೆ ಹೋದ ಹೆಸರು ಮತ್ತೆ ಬಾರದು.

ಎರಡನೆಯದು, ಈ ನೋಟುಬುಕ್ಕಿಗೆ ಸರಕಾರದಲ್ಲೂ ಒಂದು ಜಾಗವಿದೆ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯತಿನಲ್ಲೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಪ್ರಾಣಿ, ಬೆಳೆಯ ತಳಿ, ಅವುಗಳ ಬಗ್ಗೆ ಜನರಿಗಿರುವ ತಿಳಿವಳಿಕೆ ಎಲ್ಲವನ್ನೂ ಬರೆದಿಡುವ ಜನತಾ ಜೀವವೈವಿಧ್ಯ ದಾಖಲಾತಿ ಎಂಬ ಪುಸ್ತಕ ಆ ಸಮಿತಿಯ ಹೊಣೆ. 2004ರ ನಿಯಮಗಳು ಈ ಸಮಿತಿಯ ಸದಸ್ಯರಲ್ಲಿ ಮೂರನೇ ಒಂದು ಪಾಲಾದರೂ ಮಹಿಳೆಯರಿರಬೇಕು ಎಂದೇ ಹೇಳಿದ್ದವು. ನಿಮ್ಮ ಪಂಚಾಯತಿನ ಸಮಿತಿಯಲ್ಲಿ ಯಾರಿದ್ದಾರೆ, ಆ ಪುಸ್ತಕ ಎಲ್ಲಿದೆ, ಅದರಲ್ಲಿ ಏನು ಬರೆದಿದ್ದಾರೆ ಎಂದು ಒಮ್ಮೆಯಾದರೂ ಹೋಗಿ ಕೇಳಿದ್ದೀರಾ? ಸ್ವಸಹಾಯ ಸಂಘದ ನಾಲ್ಕು ಮಂದಿ ಸೇರಿ ಕೇಳಿದರೆ ತೋರಿಸದಿರಲು ಅವರಿಗೆ ಕಾರಣವಿಲ್ಲ.

ಮೂರನೆಯದು, ಗಿಡವನ್ನು ಕೀಳದೆ ನೋಡಲು ಮಕ್ಕಳಿಗೆ ಕಲಿಸಿ. ಸಂರಕ್ಷಿತ ಕಾಡಿನಿಂದ ಒಂದು ಎಲೆಯನ್ನು ಕೀಳುವುದಕ್ಕೂ ಅನುಮತಿ ಬೇಕು, ವಿಜ್ಞಾನಿಗಳಿಗೂ ಬೇಕು. ಹಿತ್ತಿಲು, ಹೊಲದ ಬದು, ಕೆರೆಯ ಏರಿ ನಮಗೆ ಸಾಕು. ಈಗ ಮನೆಮನೆಯಲ್ಲೂ ಮೊಬೈಲಿದೆ. ಹೂವಿನದ್ದೊಂದು, ಎಲೆಯ ಮುಂಭಾಗ ಹಿಂಭಾಗದ್ದೊಂದೊಂದು, ಕಾಯಿಯದ್ದೊಂದು, ಇಡೀ ಗಿಡದ್ದೊಂದು ಚಿತ್ರ ತೆಗೆದು ದಿನ, ಜಾಗ ಬರೆದಿಟ್ಟರೆ ಅದೇ ಒಂದು ಒಳ್ಳೆಯ ದಾಖಲೆ. ಊರಿನ ಕಾಲೇಜಿನ ಸಸ್ಯಶಾಸ್ತ್ರದ ಮೇಷ್ಟ್ರಿಗೆ ತೋರಿಸಬಹುದು. ದೇಶದ ಜೀವವೈವಿಧ್ಯ ಪೋರ್ಟಲ್‌ನಲ್ಲಿ ಹಾಕಿದರೆ ಹೆಸರು ಹೇಳುವವರು ಸಿಗುತ್ತಾರೆ. ಒಂದು ಹೆಸರು ಹಿಡಿಯುವುದಕ್ಕಾಗಿ ಮಗು ನಾಲ್ಕು ದಿನ ಒಂದೇ ಗಿಡವನ್ನು ನೋಡಿದರೆ, ಅಷ್ಟರಲ್ಲಿ ಅದು ಕಲಿಯುವ ಪಾಠ ಯಾವ ಟ್ಯೂಷನ್ನಿನಲ್ಲೂ ಸಿಗದು.

ನಾಲ್ಕನೆಯದು, ಅಂದವಾಗಿದೆ ಎಂಬ ಒಂದೇ ಕಾರಣಕ್ಕೆ ಕಾಡಿನ ಅಂಚಿನಲ್ಲಿ ಹೊರನಾಡಿನ ಗಿಡಗಳನ್ನು ನೆಡುವ ಮುನ್ನ ಎರಡು ಸಲ ಯೋಚಿಸಿ. ಲಂಟಾನವೂ ಮಂಜಕೊನ್ನವೂ ಹಾಗೆ ಬಂದವುಗಳೇ.

ಹೊಸ ಪ್ರಭೇದಕ್ಕೆ ಹೆಸರಿಡುವ ಭಾಗ್ಯ ನಮಗೆಲ್ಲ ಬರಲಾರದು. ಆದರೆ ಹೊಸದನ್ನು ಹೊಸದೆಂದು ಗುರುತಿಸಬೇಕಾದರೆ ಮೊದಲು ಹಳೆಯದೆಲ್ಲ ಗೊತ್ತಿರಬೇಕು. ದಂಟಿನ ಕಟ್ಟಿನಲ್ಲಿ ಮುಳ್ಳುದಂಟು ಸೇರಿದ್ದನ್ನು ಕತ್ತಲಲ್ಲೂ ಕೈಯಿಂದ ಮುಟ್ಟಿ ಹೇಳಬಲ್ಲ ನಮ್ಮ ಹೆಂಗಸರಿಗೆ ಆ ವಿದ್ಯೆಯ ಮೊದಲ ಪಾಠ ಆಗಲೇ ಬಂದಿದೆ. ಅದನ್ನು ಬರೆದಿಡುವುದು, ಮಕ್ಕಳಿಗೆ ದಾಟಿಸುವುದು ಇಷ್ಟೇ ಬಾಕಿ. ಈ ಮಳೆಗಾಲದಲ್ಲಿ ನಿಮ್ಮ ಮನೆಯ ಸುತ್ತ ಬೆಳೆದವುಗಳಲ್ಲಿ ಹೆಸರು ಗೊತ್ತಿಲ್ಲದ ಒಂದೇ ಒಂದು ಗಿಡವನ್ನು ಆರಿಸಿ, ಅದರ ಹೆಸರು ಸಿಗುವವರೆಗೆ ಕೇಳುತ್ತಾ ಹೋಗಿ. ಯಾರಿಗೂ ಗೊತ್ತಿಲ್ಲದಿದ್ದರೆ ಬೇಸರಿಸಬೇಡಿ. ಅದರ ಚಿತ್ರ, ಜಾಗ, ದಿನಾಂಕ ನಿಮ್ಮ ನೋಟುಬುಕ್ಕಿನಲ್ಲಿ ಇರಲಿ.